ಪ್ರಶ್ನೆಗೊಂದು ವ್ಯಾಕರಣ ಕಟ್ಟಿದ ಗಣಿತದ ಮೇಷ್ಟ್ರು

ಅಲಂಪುರ: ಶೇಂಗಾ ಅಂದರೆ ರಾಯಚೂರು ಕಡೆಯವರಿಗೆ ತಿಳಿಯುತ್ತದೆ. ವೇರುಶನಗ ಅಂದರೆ ಕರ್ನೂಲು ಕಡೆಯವರಿಗೆ ತಿಳಿಯುತ್ತದೆ. ನಡುವೆ ಇರುವ ನಮಗೆ ಎರಡೂ ತಿಳಿಯುತ್ತವೆ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು. ಬೆಳೆ ಮಾತ್ರ ಒಂದೇ, ಅದಕ್ಕೆ ಬರುವ ರೋಗವೂ ಒಂದೇ.

ಆದರೆ ಆ ರೋಗದ ಬಗ್ಗೆ ಪುಸ್ತಕ ಬೇಕಾದರೆ ಯಾವ ಮಾತಿನಲ್ಲಿ ಕೇಳಬೇಕು? ಕೆಲವು ವರ್ಷಗಳ ಹಿಂದೆ ನಾನು ಒಂದು ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕುಳಿತು ಕೂರಿಗೆ ಎಂದು ಟೈಪ್ ಮಾಡಿದೆ. ಏನೂ ಸಿಗಲಿಲ್ಲ. ತೆಲುಗಿನಲ್ಲಿ ಗೊರ್ರು ಎಂದು ಟೈಪ್ ಮಾಡಿದೆ. ಒಂದು ಪುಸ್ತಕ ಸಿಕ್ಕಿತು. ಅದನ್ನು ತರಲು ಕಪಾಟಿನ ಹತ್ತಿರ ಹೋದರೆ, ಅದರ ಪಕ್ಕದಲ್ಲೇ ಬಿತ್ತನೆಯ ಸಾಮಾನುಗಳ ಬಗ್ಗೆ ಒಂದು ಕನ್ನಡ ಪುಸ್ತಕವೂ ನಿಂತಿತ್ತು! ಕಂಪ್ಯೂಟರಿಗೆ ಸಿಗದ ಪುಸ್ತಕ ಕಪಾಟಿನಲ್ಲಿ ಜಾಗ ತಪ್ಪದೆ ಇತ್ತು. ಕಾರಣ, ಕಪಾಟನ್ನು ಜೋಡಿಸಿದ್ದು ಮಾತಿನ ಮೇಲಲ್ಲ, ವಿಷಯದ ಮೇಲೆ.

ವಿಷಯವನ್ನು ಮಾತಿನಿಂದ ಬಿಡಿಸಿ, ಅದನ್ನು ತುಂಡು ತುಂಡಾಗಿ ಒಂದು ಸಾಲಿನಲ್ಲಿ ಜೋಡಿಸಿ, ಆ ಸಾಲಿನ ಪ್ರತಿ ತುಂಡಿಗೂ ಒಂದೇ ನಿಯಮ ಹಚ್ಚಿ ಉತ್ತರ ತೆಗೆಯುವುದು ಹೇಗೆ? ಕಂಪ್ಯೂಟರ್‌ಗಳು ಬರುವ ಮೊದಲೇ ಈ ತೊಡಕನ್ನು ಹಿಡಿದು ಕುಳಿತಿದ್ದ ಒಬ್ಬ ಗಣಿತದ ಮೇಷ್ಟ್ರ ಕಥೆ ಇದು. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಪ್ರತಿ ವರ್ಷ ಆಗಸ್ಟ್ 12ರಂದು ಗ್ರಂಥಪಾಲಕರ ದಿನಾಚರಣೆ ಎಂದು ಅವರ ಫೋಟೋಗೆ ಹಾರ ಹಾಕುತ್ತಾರೆ. ಅವರು ಮಾಡಿದ್ದೇನು ಎಂದು ಕೇಳಿದರೆ ಹೇಳುವವರು ಕಡಿಮೆ.

ಶಿಯಾಳಿಯಿಂದ ಮಂಗಳೂರಿಗೆ

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ತಂದೆ ಜಮೀನುಳ್ಳವರು, ರಾಮಾಯಣದ ಪ್ರವಚನ ಮಾಡುತ್ತಿದ್ದವರು. ಮಗನಿಗೆ 6 ವರ್ಷವಾಗಿದ್ದಾಗ ತೀರಿಕೊಂಡರು. ಹುಡುಗನಿಗೆ ಮಾತು ತೊದಲುತ್ತಿತ್ತು. ಓದುವ ಕಾಲಕ್ಕೆಲ್ಲ ಆ ತೊದಲು ಕಾಡಿತು. ಆದರೂ ಹಟ ಹಿಡಿದು ಅದನ್ನು ಹತೋಟಿಗೆ ತಂದುಕೊಂಡ. ಮಾತಿಗೇ ತಡವರಿಸುತ್ತಿದ್ದವನು ಮುಂದೆ ಆರಿಸಿಕೊಂಡದ್ದು ದಿನವಿಡೀ ಮಾತನಾಡಬೇಕಾದ ಮೇಷ್ಟ್ರ ಕೆಲಸ!

ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಆಯಿತು. 1917ರಲ್ಲಿ ಕನ್ನಡ ನಾಡಿನ ಗಾಳಿ ತಗುಲಿತು. ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಹೇಳಲು ಬಂದರು. ಅಲ್ಲಿಂದ ಕೊಯಮತ್ತೂರು, ನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಪಾಠ ಹೇಳುವುದೆಂದರೆ ಅವರಿಗೆ ಊಟಕ್ಕಿಂತ ರುಚಿ.

1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಸಂಬಳ ಹೆಚ್ಚು, ಕೆಲಸ ಮಾತ್ರ ಬೇಸರ. ಕೇಳುವ ವಿದ್ಯಾರ್ಥಿಗಳಿಲ್ಲ, ಬರುವ ಓದುಗರಿಲ್ಲ. ತರಬೇತಿಯಂತೂ ಇರಲೇ ಇಲ್ಲ. ಹಳೆಯ ಕೆಲಸಕ್ಕೇ ಹೋಗುತ್ತೇನೆಂದು ದುಂಬಾಲು ಬಿದ್ದರು. ಮೊದಲು ಲಂಡನ್‌ಗೆ ಹೋಗಿ ಈ ವಿದ್ಯೆ ಕಲಿತು ಬರಲಿ, ಆಮೇಲೆ ನೋಡೋಣ ಎಂದು ಮೇಲಿನವರು ಸಮಾಧಾನ ಮಾಡಿದರು. ಆ ಪ್ರಯಾಣ ಅವರ ಬದುಕನ್ನೇ ತಿರುಗಿಸಿತು.

ಆಟಿಕೆ ಅಂಗಡಿಯ ಪಾಠ

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಡಬ್ಲ್ಯು.ಸಿ. ಬರ್ವಿಕ್ ಸೇಯರ್ಸ್ ಅವರ ಬಳಿ ವರ್ಗೀಕರಣ ಕಲಿತರು. ಆಗ ಜಗತ್ತಿನ ಬಹಳಷ್ಟು ಗ್ರಂಥಾಲಯಗಳಲ್ಲಿ ನಡೆಯುತ್ತಿದ್ದುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ಪದ್ಧತಿ. ಅದರಲ್ಲಿ ವಿಷಯಗಳಿಗೆಲ್ಲ ಮೊದಲೇ ನಂಬರ್ ಬರೆದಿಟ್ಟಿರುತ್ತದೆ. ಪುಸ್ತಕ ಬಂದಾಗ ಪಟ್ಟಿಯಲ್ಲಿ ಹುಡುಕಿ ನಂಬರ್ ಕೊಡಬೇಕು. ಪಟ್ಟಿಯಲ್ಲಿ ಇಲ್ಲದ ಹೊಸ ವಿಷಯ ಬಂದರೆ? ಪಟ್ಟಿ ಮಾಡಿದವರು ಜಾಗ ಮಾಡುವ ತನಕ ಹೇಗೋ ಹೊಂದಿಸಿಕೊಳ್ಳಬೇಕು.

ಗಣಿತದ ಮೇಷ್ಟ್ರಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದು ದಿನ ಲಂಡನ್‌ನ ಸೆಲ್ಫ್‌ರಿಜಸ್ ಮಳಿಗೆಯಲ್ಲಿ ಮೆಕ್ಯಾನೊ ಎಂಬ ಆಟಿಕೆ ಕಂಡರು. ರಂಧ್ರವಿರುವ ಪಟ್ಟಿಗಳು, ಗಾಲಿಗಳು, ನಟ್ಟು, ಬೋಲ್ಟು. ಅವೇ ನಾಲ್ಕಾರು ತುಂಡುಗಳಿಂದ ಒಮ್ಮೆ ಗಾಡಿ, ಒಮ್ಮೆ ಸೇತುವೆ. ರಂಗನಾಥನ್‌ಗೆ ದಾರಿ ಹೊಳೆಯಿತು. ವಿಷಯಗಳನ್ನು ಪೂರ್ತಿ ಬರೆದಿಡುವುದೇಕೆ? ತುಂಡುಗಳನ್ನು ಇಟ್ಟುಕೊಂಡರೆ ಸಾಕು. ಬೇಕಾದಾಗ ಜೋಡಿಸಿದರಾಯಿತು. ಜೋಡಿಸುವ ಬೋಲ್ಟು ಯಾವುದು? ಕೋಲನ್, ಅಂದರೆ ಒಂದರ ಮೇಲೊಂದು ಎರಡು ಚುಕ್ಕೆ.

1925ರಲ್ಲಿ ಮದ್ರಾಸಿಗೆ ಮರಳಿದವರು ಪ್ರೆಸಿಡೆನ್ಸಿ ಕಾಲೇಜನ್ನು ಮರೆತೇಬಿಟ್ಟರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿತು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ 5 ನಿಯಮಗಳ ಪುಸ್ತಕ ಬಂತು. ಆ ನಿಯಮಗಳಲ್ಲಿ ಒಂದು ಓದುಗನ ಸಮಯ ಉಳಿಸುವುದರ ಕುರಿತದ್ದು. ಮುಂದೆ ಅವರು ಮಾಡಿದ್ದೆಲ್ಲ ಅದಕ್ಕಾಗಿಯೇ ಎಂದರೂ ತಪ್ಪಿಲ್ಲ. 1933ರಲ್ಲಿ ಕೋಲನ್ ವರ್ಗೀಕರಣದ ಮೊದಲ ಆವೃತ್ತಿ ಪ್ರಕಟವಾಯಿತು.

ಒಂದು ಚಿಹ್ನೆ ಸಾಲದಾಯಿತು

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ. ವಿಷಯ ಕಷ್ಟದ್ದಲ್ಲ, ಹೊಸದು ಅಷ್ಟೇ.

ಮೊದಲ 3 ಆವೃತ್ತಿಗಳಲ್ಲಿ ಎಲ್ಲ ತುಂಡುಗಳ ನಡುವೆಯೂ ಕೋಲನ್ ಒಂದೇ. ಇದರಲ್ಲಿ ಒಂದು ತೊಂದರೆ ಇತ್ತು. ಎಲ್ಲ ಕೀಲುಗಳೂ ಒಂದೇ ತರಹ ಇದ್ದರೆ, ಯಾವ ತುಂಡು ಏನನ್ನು ಹೇಳುತ್ತಿದೆ ಎಂಬುದು ಅದು ಎಷ್ಟನೆಯದು ಎಂಬುದರಿಂದಲೇ ತಿಳಿಯಬೇಕು. ನಡುವೆ ಒಂದು ತುಂಡು ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮದುವೆ ಮನೆಯಲ್ಲಿ ಚೀಟಿ ಇಲ್ಲದೆ ಸಾಲಾಗಿಟ್ಟ ಡಬ್ಬಿಗಳಂತೆ. ಒಂದು ಡಬ್ಬಿ ಎತ್ತಿಟ್ಟರೆ ಉಪ್ಪಿನ ಜಾಗದಲ್ಲಿ ಸಕ್ಕರೆ ಸಿಗುತ್ತದೆ.

1952ರ 4ನೇ ಆವೃತ್ತಿಯಲ್ಲಿ ರಂಗನಾಥನ್ ಇದನ್ನು ಬಿಡಿಸಿದರು. ಯಾವುದೇ ವಿಷಯವನ್ನು ಬಿಚ್ಚಿದರೂ 5 ಬಗೆಯ ತುಂಡುಗಳೇ ಸಿಗುತ್ತವೆ ಎಂದರು. ವಿಷಯದ ತಿರುಳು, ಅದರ ದ್ರವ್ಯ ಅಥವಾ ಗುಣ, ಅದರ ಮೇಲೆ ನಡೆಯುವ ಕ್ರಿಯೆ, ಜಾಗ, ಕಾಲ. ತಿರುಳಿಗೆ ಅಲ್ಪವಿರಾಮ, ದ್ರವ್ಯಕ್ಕೆ ಅರ್ಧವಿರಾಮ, ಕ್ರಿಯೆಗೆ ಕೋಲನ್, ಜಾಗಕ್ಕೆ ಚುಕ್ಕೆ. ಕಾಲಕ್ಕೂ ಮೊದಲು ಚುಕ್ಕೆಯೇ ಇತ್ತು, ಮುಂದೆ ಮೇಲ್ಗಡೆಯ ಒಂಟಿ ಗೆರೆ ಬಂತು. ಈಗ ಕೀಲನ್ನು ನೋಡಿದರೆ ಸಾಕು, ಮುಂದಿನ ತುಂಡು ಯಾವ ಜಾತಿಯದು ಎಂದು ತಿಳಿಯುತ್ತದೆ. ನಡುವಿನದು ಇಲ್ಲದಿದ್ದರೂ ಲೆಕ್ಕ ತಪ್ಪುವುದಿಲ್ಲ.

ಒಂದು ಉದಾಹರಣೆ ನೋಡೋಣ. 1950ರ ದಶಕದಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ನೀಡಿದ ಚಿಕಿತ್ಸೆ ಎಂಬ ವಿಷಯ. ನಂತರದ ಆವೃತ್ತಿಯ ರೂಪದಲ್ಲಿ, ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲಿ ಬರೆದರೆ ಅದು ಹೀಗಾಗುತ್ತದೆ:

ಎಲ್,45;421:6.44'ಎನ್5

ಎಲ್ ಅಂದರೆ ವೈದ್ಯ. 45 ಶ್ವಾಸಕೋಶ. 421 ಕ್ಷಯ. 6 ಚಿಕಿತ್ಸೆ. 44 ಭಾರತ. ಎನ್5 ಅಂದರೆ 1950ರ ದಶಕ. ಇದರಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ, ತಮಿಳೂ ಇಲ್ಲ. ಯಾವ ಭಾಷೆಯವನು ಕೇಳಿದರೂ ಗ್ರಂಥಪಾಲಕ ಬರೆದುಕೊಳ್ಳುವುದು ಇದನ್ನೇ.

ತುಂಡುಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬುದಕ್ಕೂ ಅವರು ಒಂದು ಸೂತ್ರ ಹೇಳಿದರು. ಗೋಡೆ ಇದ್ದರೆ ತಾನೇ ಚಿತ್ರ ಬರೆಯುವುದು? ಯಾವುದಿಲ್ಲದೆ ಇನ್ನೊಂದನ್ನು ಊಹಿಸಲಾಗದೋ ಅದು ಮೊದಲು ಬರಬೇಕು. ಶ್ವಾಸಕೋಶವಿಲ್ಲದೆ ಅದರ ಕ್ಷಯವಿಲ್ಲ, ಕ್ಷಯವಿಲ್ಲದೆ ಅದರ ಚಿಕಿತ್ಸೆ ಇಲ್ಲ. ಇದಕ್ಕೆ ಗೋಡೆ-ಚಿತ್ರ ತತ್ವ ಎಂದೇ ಹೆಸರು.

ಕೊಂಡಿ ಕೊಂಡಿಗೂ ಒಂದೇ ಕೆಲಸ

ನಂಬರ್ ಕೊಟ್ಟದ್ದಾಯಿತು. ಪುಸ್ತಕ ಕಪಾಟಿಗೆ ಹೋಯಿತು. ಆದರೆ ಓದುಗ ನಂಬರ್ ಹೇಳಿಕೊಂಡು ಬರುವುದಿಲ್ಲ. ಒಬ್ಬ ಕ್ಷಯ ಅನ್ನುತ್ತಾನೆ, ಒಬ್ಬ ಶ್ವಾಸಕೋಶ ಅನ್ನುತ್ತಾನೆ, ಇನ್ನೊಬ್ಬ ಚಿಕಿತ್ಸೆ ಅನ್ನುತ್ತಾನೆ. ಯಾವ ಬಾಗಿಲಿನಿಂದ ಬಂದರೂ ಅವನು ಪುಸ್ತಕದ ಹತ್ತಿರ ತಲುಪಬೇಕು. ಅದಕ್ಕೆ ಅಕಾರಾದಿ ಸೂಚಿ ಬೇಕು. ಪ್ರತಿ ಪುಸ್ತಕಕ್ಕೂ ಕುಳಿತು ಯೋಚಿಸಿ ಸೂಚಿ ಬರೆಯುತ್ತ ಹೋದರೆ, ಇವತ್ತಿನ ಗುಮಾಸ್ತ ಬರೆದದ್ದು ಒಂದು ತರಹ, ನಾಳೆಯವನು ಬರೆದದ್ದು ಇನ್ನೊಂದು ತರಹ.

ಇದಕ್ಕೆ ರಂಗನಾಥನ್ ಹುಡುಕಿದ ಉತ್ತರಕ್ಕೆ ಚೈನ್ ಪ್ರೊಸೀಜರ್ ಎಂದು ಹೆಸರು. ಸರಪಳಿ ಪದ್ಧತಿ ಅನ್ನಬಹುದು. 1938ರ ಅವರ ಪುಸ್ತಕವೊಂದರಲ್ಲಿ ಅದರ ವಿವರಣೆ ಬಂತು. ನಂಬರನ್ನು ಸರಪಳಿ ಎಂದು ತಿಳಿಯಬೇಕು. ಕೊನೆಯ ಕೊಂಡಿಯಿಂದ ಶುರು ಮಾಡಿ ಒಂದೊಂದೇ ಕೊಂಡಿ ಹಿಂದಕ್ಕೆ ಬರಬೇಕು. ಪ್ರತಿ ಕೊಂಡಿಯಲ್ಲೂ ಮಾಡುವ ಕೆಲಸ ಒಂದೇ: ಆ ಕೊಂಡಿಯ ಹೆಸರು ಬರೆದು, ಅದರ ಹಿಂದಿರುವವನ್ನು ಬೇಕಾದಷ್ಟು ಸೇರಿಸಿ, ನಂಬರ್ ಹಾಕುವುದು. ಕಾಲದ ತುಂಡನ್ನು ಬಿಟ್ಟು ಮೇಲಿನ ಸರಪಳಿಯನ್ನೇ ಬಿಚ್ಚಿದರೆ ಹೀಗೆ:

ಭಾರತ, ಚಿಕಿತ್ಸೆ, ಕ್ಷಯ, ಶ್ವಾಸಕೋಶ, ವೈದ್ಯ
ಚಿಕಿತ್ಸೆ, ಕ್ಷಯ, ಶ್ವಾಸಕೋಶ, ವೈದ್ಯ
ಕ್ಷಯ, ಶ್ವಾಸಕೋಶ, ವೈದ್ಯ
ಶ್ವಾಸಕೋಶ, ವೈದ್ಯ
ವೈದ್ಯ

ನೋಡಿ, ಗುಮಾಸ್ತನಿಗೆ ವೈದ್ಯ ಗೊತ್ತಿರಬೇಕಿಲ್ಲ. ಕೊಂಡಿ ಎಲ್ಲಿ ಮುರಿಯುತ್ತದೆ ಎಂದು ಕಂಡರೆ ಸಾಕು. ನಮ್ಮ ಕೂರಿಗೆಯ ಹಾಗೆ. ಮೇಲಿನ ಬಟ್ಟಲಿಗೆ ಕಾಳು ಬಿಡುವುದು ಒಂದೇ ಕೈ, ಕೆಳಗೆ ಸಾಲು ಸಾಲಿಗೂ ಕಾಳು ಬೀಳುತ್ತದೆ. ಪ್ರತಿ ಸಾಲಿಗೂ ಬೇರೆ ಬೇರೆ ಬಿತ್ತುವ ವಿದ್ಯೆ ಬೇಕಿಲ್ಲ.

ಇನ್ನೂ ಒಂದು ಜಾಣತನವಿದೆ. ಎಲ್ಲ ಕೊಂಡಿಯಿಂದಲೂ ಫಲ ಬರಬೇಕೆಂದಿಲ್ಲ. ಬರೀ ಅಲ್ಪವಿರಾಮಕ್ಕೆ ನಿಂತ ತುಂಡು ಯಾವ ವಿಷಯವನ್ನೂ ಹೇಳುವುದಿಲ್ಲ. ಅದನ್ನು ಸುಳ್ಳು ಕೊಂಡಿ ಎಂದರು. ಕೆಲವು ಕೊಂಡಿಗಳು ನಿಜವೇ, ಆದರೆ ಆ ಹೆಸರಿನಲ್ಲಿ ಯಾರೂ ಹುಡುಕಿಕೊಂಡು ಬರುವುದಿಲ್ಲ. ಅವು ಬೇಡದ ಕೊಂಡಿಗಳು. ಎರಡನ್ನೂ ಬಿಟ್ಟು ಮುಂದೆ ಹೋಗಬೇಕು. ಕೂರಿಗೆ ಕಲ್ಲಿನ ಮೇಲೆ ಹೋದಾಗ ಅಲ್ಲಿ ಪೈರು ಏಳುವುದಿಲ್ಲ, ಅದಕ್ಕಾಗಿ ಉಳಿದ ಸಾಲು ನಿಲ್ಲುವುದಿಲ್ಲ.

1950ರಲ್ಲಿ ಶುರುವಾದ ಬ್ರಿಟಿಷ್ ನ್ಯಾಷನಲ್ ಬಿಬ್ಲಿಯಾಗ್ರಫಿ, ಅಂದರೆ ಬ್ರಿಟನ್ನಿನಲ್ಲಿ ಅಚ್ಚಾಗುವ ಪುಸ್ತಕಗಳ ಪಟ್ಟಿ, ತನ್ನ ಸೂಚಿಗೆ ಈ ಸರಪಳಿ ಪದ್ಧತಿಯನ್ನೇ ಹಿಡಿದು ಸುಮಾರು 20 ವರ್ಷ ನಡೆಸಿತು. ಆದರೆ ಅವರು ಬಿಚ್ಚುತ್ತಿದ್ದದ್ದು ಡ್ಯೂಯಿ ನಂಬರುಗಳನ್ನು. ಅವುಗಳಲ್ಲಿ ಕೀಲುಗಳು ಎಲ್ಲ ಕಡೆ ಕಾಣುವುದಿಲ್ಲ. ಹಾಗಾಗಿ ಅಲ್ಲಲ್ಲಿ ಕೊಂಡಿ ತಪ್ಪುತ್ತಿತ್ತು, ಕೈಯಿಂದ ಸೇರಿಸಬೇಕಾಗುತ್ತಿತ್ತು. ನಿಯಮ ಎಷ್ಟೇ ಚೆನ್ನಾಗಿದ್ದರೂ ಸಾಲಿನ ಬರವಣಿಗೆ ಸರಿಯಿಲ್ಲದಿದ್ದರೆ ಕೆಲಸ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಂಪ್ಯೂಟರಿನವರೂ ಅದೇ ಊರಿಗೆ ಬಂದರು

ಈಗ ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರಿದ್ದರೆ ಕೇಳಿ ನೋಡಿ. ಸಾಲಿನ ಪ್ರತಿಯೊಂದಕ್ಕೂ ಒಂದೇ ಕೆಲಸ ಹಚ್ಚುವುದಕ್ಕೆ ಅವರು ಮ್ಯಾಪ್ ಅನ್ನುತ್ತಾರೆ. ಅಮೆರಿಕದ ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಲಿಸ್ಪ್ ಭಾಷೆಯ ಲೇಖನದಲ್ಲೇ ಇದಕ್ಕೊಂದು ರೂಪವಿತ್ತು. ಮುಂದೆ ಮಾಹಿತಿಯ ರಾಶಿಗೆ ಪ್ರಶ್ನೆ ಹಾಕುವ ಭಾಷೆಗಳು ಬಂದವು. ಕ್ವೆರಿ ಲಾಂಗ್ವೇಜ್ ಎನ್ನುತ್ತಾರೆ. ಅಲ್ಲೂ ಅದೇ ತೊಡಕು ಎದುರಾಯಿತು: ಈ ಕೆಲಸವನ್ನು ಯಾವ ಚಿಹ್ನೆಯಿಂದ ಬರೆಯುವುದು?

ಎಕ್ಸ್‌ಎಂಎಲ್ ಎಂಬ ರೂಪದ ಕಡತಗಳಿಗೆ ಪ್ರಶ್ನೆ ಹಾಕುವ ಎಕ್ಸ್‌ಪಾತ್, ಎಕ್ಸ್‌ಕ್ವೆರಿ ಎಂಬ ಭಾಷೆಗಳಿವೆ. ಎಕ್ಸ್‌ಪಾತ್‌ನಲ್ಲಿ ಮೊದಲಿನಿಂದ ಓರೆಗೆರೆ ಇತ್ತು. ಆದರೆ ಅದರ ಎಡಕ್ಕೆ ಕಡತದ ಒಳಗಿನ ತುಂಡುಗಳೇ ಇರಬೇಕು, ಬರಿಯ ಅಂಕಿಗಳ ಸಾಲಿಗೆ ಅದು ನಡೆಯದು. ಸಾಲದ್ದಕ್ಕೆ, ಉತ್ತರವಾಗಿ ಬಂದ ತುಂಡುಗಳನ್ನು ಅದು ಕಡತದ ಕ್ರಮಕ್ಕೆ ತಿರುಗಿ ಜೋಡಿಸಿ, ಎರಡೆರಡು ಸಲ ಬಂದದ್ದನ್ನು ಒಂದೇ ಮಾಡುತ್ತದೆ. ಹೀಗಾಗಿ 2014ರಲ್ಲಿ ಒಪ್ಪಿಗೆಯಾದ 3.0 ಆವೃತ್ತಿಯಲ್ಲಿ ಬೇರೊಂದು ಚಿಹ್ನೆ ಸೇರಿಸಿದರು. ಅದು ನಮ್ಮ ಆಶ್ಚರ್ಯಸೂಚಕ ಚಿಹ್ನೆ:

(1, 2, 3) ! (. * 2)

ಎಡಗಡೆ ಇರುವುದು ಸಾಲು. ಬಲಗಡೆ ಇರುವುದು ಮಾಡಬೇಕಾದ ಕೆಲಸ. ಚುಕ್ಕೆ ಅಂದರೆ ಈಗ ಕೈಯಲ್ಲಿರುವುದು. ಪ್ರತಿಯೊಂದನ್ನೂ ಎರಡರಿಂದ ಗುಣಿಸು ಎಂದರ್ಥ. ಉತ್ತರ 2, 4, 6. ಸಾಲಿನ ಕ್ರಮ ಬದಲಾಗುವುದಿಲ್ಲ, ಎರಡು ಸಲ ಬಂದದ್ದು ಎರಡು ಸಲವೇ ಉಳಿಯುತ್ತದೆ. ಯಾವುದಕ್ಕಾದರೂ ಉತ್ತರ ಖಾಲಿ ಬಂದರೆ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ರಂಗನಾಥನ್‌ರ ಸುಳ್ಳು ಕೊಂಡಿಯ ಹಾಗೆಯೇ!

ಇವರು ರಂಗನಾಥನ್‌ರಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ಅವರ ದಾರಿ ಬೇರೆ, ಇವರ ದಾರಿ ಬೇರೆ. ಆದರೆ ತೊಡಕು ಒಂದೇ ಆಗಿತ್ತು. ಒಂದೇ ಚಿಹ್ನೆಗೆ ಎರಡು ಕೆಲಸ ಹೊರಿಸಬೇಡಿ, ಕೀಲು ಕಣ್ಣಿಗೆ ಕಾಣಲಿ, ಕ್ರಮ ಕೆಡದಿರಲಿ. ಮದ್ರಾಸಿನ ಗುಮಾಸ್ತನಿಗಾಗಿ ಒಬ್ಬ ಮೇಷ್ಟ್ರು ಯೋಚಿಸಿದ್ದು ಯಂತ್ರಕ್ಕೂ ಬೇಕಾಯಿತು, ಅಷ್ಟೇ.

ಕೊನೆಯ ನಿಲ್ದಾಣ ಬೆಂಗಳೂರು

ಮದ್ರಾಸಿನಲ್ಲಿ 20 ವರ್ಷಕ್ಕೂ ಹೆಚ್ಚು ದುಡಿದ ರಂಗನಾಥನ್ 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸುಮಾರು 1 ಲಕ್ಷ ಪುಸ್ತಕಗಳಿಗೆ ಒಬ್ಬರೇ ಕುಳಿತು ನಂಬರ್ ಹಾಕಿದರು ಎಂಬುದು ಪ್ರಸಿದ್ಧ. ವಯಸ್ಸು ಆಗಲೇ 50 ದಾಟಿತ್ತು. 1947ರಿಂದ ದೆಹಲಿ ವಿಶ್ವವಿದ್ಯಾಲಯ, ನಂತರ 1955ರಿಂದ ಎರಡು ವರ್ಷ ಜ್ಯೂರಿಚ್. 1957ರಲ್ಲಿ ಪದ್ಮಶ್ರೀ. ಜೀವಮಾನದ ಉಳಿತಾಯ 1 ಲಕ್ಷ ರೂಪಾಯಿಯನ್ನು ಗ್ರಂಥಾಲಯ ಶಾಸ್ತ್ರದ ಪೀಠಕ್ಕೆಂದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಆ ಪೀಠಕ್ಕೆ ಪತ್ನಿ ಶಾರದಾ ಅವರ ಹೆಸರೂ ಸೇರಿದೆ.

ಆಮೇಲೆ ನೆಲೆಸಿದ್ದು ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅಲ್ಲಿ ಶುರು ಮಾಡಿದರು. ಡಿಆರ್‌ಟಿಸಿ ಎಂದರೆ ಆ ವಿದ್ಯೆಯವರಿಗೆಲ್ಲ ಗೊತ್ತು. ಇಂದಿಗೂ ಮೈಸೂರು ರಸ್ತೆಯಲ್ಲಿದೆ. 1965ರಲ್ಲಿ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಮಾಡಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದೂ ಅದೇ 1965ರಲ್ಲಿ. ರಂಗನಾಥನ್ ಊರೂರಿಗೆ ಗ್ರಂಥಾಲಯ ಬೇಕೆಂದು ಮಾದರಿ ಮಸೂದೆ ಬರೆದು ದಶಕಗಳಿಂದ ಬೆನ್ನು ಹತ್ತಿದ್ದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಅವರು ಗೆದ್ದರೇ? ಪೂರ್ತಿ ಗೆದ್ದರು ಎನ್ನಲಾಗದು. ಕೋಲನ್ ನಂಬರುಗಳು ಉದ್ದ, ಪುಸ್ತಕದ ಬೆನ್ನಿನ ಮೇಲೆ ಹಿಡಿಯುವುದಿಲ್ಲ. ಆವೃತ್ತಿಯಿಂದ ಆವೃತ್ತಿಗೆ ನಿಯಮ ಬದಲಾಗುತ್ತಿತ್ತು, ಹಳೆಯ ಪುಸ್ತಕಗಳ ಗತಿ ಏನೆಂದು ಗ್ರಂಥಪಾಲಕರು ಗೊಣಗುತ್ತಿದ್ದರು. 7ನೇ ಆವೃತ್ತಿ ಬಂದದ್ದು ಅವರು ತೀರಿಕೊಂಡ 15 ವರ್ಷಗಳ ನಂತರ, 1987ರಲ್ಲಿ. ಇಂದು ಭಾರತದ ಹೆಚ್ಚಿನ ಗ್ರಂಥಾಲಯಗಳಲ್ಲಿ ಕಾಣುವುದು ಡ್ಯೂಯಿ ಪದ್ಧತಿಯೇ. ಆದರೆ ವಿಷಯವನ್ನು ತುಂಡುಗಳಾಗಿ ಬಿಡಿಸಿ ನೋಡುವ ಅವರ ಕ್ರಮ ಮಾತ್ರ ಜಗತ್ತಿನಾದ್ಯಂತ ಉಳಿಯಿತು. ಆನ್‌ಲೈನ್ ಅಂಗಡಿಯಲ್ಲಿ ಸೀರೆ ಕೊಳ್ಳುವಾಗ ಬಣ್ಣ ಬೇರೆ, ಬೆಲೆ ಬೇರೆ, ಊರು ಬೇರೆ ಆರಿಸುತ್ತೀರಲ್ಲ, ಗದ್ವಾಲ್ ಸೀರೆಯನ್ನು ಹಾಗೆ ಹುಡುಕುವಾಗ ಒಮ್ಮೆ ಈ ಮೇಷ್ಟ್ರನ್ನು ನೆನೆಯಿರಿ. ಅಲ್ಲಿನ ಆಯ್ಕೆಗಳಿಗೆ ಆ ವಿದ್ಯೆಯವರು ಕೊಟ್ಟ ಫ್ಯಾಸೆಟ್ ಎಂಬ ಹೆಸರು ಅವರು ಬಳಕೆಗೆ ತಂದ ಮಾತೇ.

ನಮಗೇನು?

1956ರ ನವೆಂಬರ್ 1ಕ್ಕೆ ಮೊದಲು ಅಲಂಪುರ, ಗದ್ವಾಲ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳು ಹಂಚಿಕೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಈಗ ತೆಲಂಗಾಣ. ಕಾಗದದ ಮೇಲೆ ಗೆರೆ ಎಳೆದರು, ಬಾಯಲ್ಲಿನ ಮಾತು ಎರಡೂ ಉಳಿದವು. ಬಾದಾಮಿ ಚಾಲುಕ್ಯರ ಕಾಲದ ನಮ್ಮ ನವಬ್ರಹ್ಮ ಗುಡಿಗಳ ಬಗ್ಗೆ ಕನ್ನಡದಲ್ಲೂ ಬರೆದಿದ್ದಾರೆ, ತೆಲುಗಿನಲ್ಲೂ ಬರೆದಿದ್ದಾರೆ. ಒಂದು ಕಡೆ ಹುಡುಕಿದವನಿಗೆ ಇನ್ನೊಂದು ಸಿಗುವುದಿಲ್ಲ.

ರಂಗನಾಥನ್ ಒಂದು ಕೆಲಸದಲ್ಲಿ 3 ಮಜಲುಗಳನ್ನು ಬೇರೆ ಮಾಡಿ ಹೇಳಿದ್ದರು: ಆಲೋಚನೆಯ ಮಜಲು, ಮಾತಿನ ಮಜಲು, ಸಂಕೇತದ ಮಜಲು. ಮೊದಲು ಆಲೋಚನೆಯಲ್ಲಿ ತೀರ್ಮಾನವಾಗಬೇಕು. ಮಾತು ಆಯಾ ಊರಿನದು. ಸಂಕೇತ ಎಲ್ಲರದು. ಎರಡು ಭಾಷೆಯಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೇಂಗಾ ಬೇರೆ, ವೇರುಶನಗ ಬೇರೆ ಎಂದು ನಮ್ಮಲ್ಲಿ ಯಾವ ಮಗುವೂ ತಿಳಿದಿಲ್ಲ.

ಮುಂದಿನ ಆಗಸ್ಟ್ 12ರಂದು ನಿಮ್ಮೂರ ಗ್ರಂಥಾಲಯದಲ್ಲಿ ಅವರ ಫೋಟೋಗೆ ಹಾರ ಹಾಕುವಾಗ ನೀವೂ ಹೋಗಿ. ಹಾರ ಹಾಕಿದ ಮೇಲೆ ಒಂದು ಪುಸ್ತಕ ಕೇಳಿ. ಕನ್ನಡದಲ್ಲಿ ಕೇಳಿ, ತೆಲುಗಿನಲ್ಲೂ ಕೇಳಿ. ಎರಡಕ್ಕೂ ಒಂದೇ ಕಪಾಟು ತೋರಿಸಿದರೆ ಮೇಷ್ಟ್ರ ಶ್ರಮ ಅಲ್ಲಿ ಉಳಿದಿದೆ ಎಂದು ತಿಳಿಯಿರಿ. ತೋರಿಸದಿದ್ದರೆ, ಸೂಚಿಯಲ್ಲಿ ಇನ್ನೊಂದು ಹೆಸರನ್ನೂ ಬರೆದಿಡಲು ಹೇಳಿ ಬನ್ನಿ.